ನೀಲವ್ವನ ದನಿ, ನಾನು ಕೇಳದೆ ಬಿಟ್ಟ ಪ್ರಶ್ನೆ

ಮೊಬೈಲ್ ಆಟಗಳ ಬಗ್ಗೆ ಪತ್ರಿಕೆಗೆ ಬರೆಯುವ ಇಬ್ಬರು ಹೊಸಬರು ಹೋದ ತಿಂಗಳು ಗೋಕಾಕದ ನಮ್ಮ ಮನೆಗೆ ಬಂದಿದ್ದರು. ಆಟ ತಯಾರಿಸುವ ಕಂಪನಿಗಳಿಗೆ ಪತ್ರಕರ್ತರು ಇನ್ನಷ್ಟು ಗಟ್ಟಿ ಪ್ರಶ್ನೆ ಕೇಳಬೇಕೋ ಬೇಡವೋ ಎಂಬುದು ಅವರ ವಿಷಯ. ಹಳಬನೆಂದು ನನ್ನ ಅಭಿಪ್ರಾಯ ಬೇಕಾಗಿತ್ತು. ಕೇಳಬೇಕು ಎಂದೆ. ಅವರು ಅದನ್ನು ಬರೆದುಕೊಂಡು, ಚಹಾ ಕುಡಿದು, ಒಂದು ಫೋಟೋ ತೆಗೆದುಕೊಂಡು ಹೋದರು.

ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಹನ್ನೆರಡು ವರ್ಷ ಈ ಕೆಲಸ ಮಾಡಿ, ಕೇಳಲೇಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತವನು ನಾನು. ಅದರಿಂದ ನಾಗನೂರಿನ ಒಬ್ಬ ಹೆಣ್ಣುಮಗಳ ದನಿ ಅವಳ ಕೈತಪ್ಪಿ ಹೋಯಿತು. ಇದನ್ನು ಹೇಳದೆ ಆ ಹುಡುಗರಿಗೆ ಬರೀ ಉಪದೇಶ ಕೊಟ್ಟು ಕಳಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷಿನಲ್ಲಿ ಪಾಸಾಗುವುದಕ್ಕೆ ಬೇಕಾದಷ್ಟೇ ಅಂಕ ಬಂದಿದ್ದವು. ಗೋಕಾಕ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೆ. ಎರಡು ಟಿವಿ, ಎರಡು ಆಟದ ಡಬ್ಬಿ, ಒಂದು ಪೆಟ್ಟಿಗೆಯ ತುಂಬ ಕ್ಯಾಸೆಟ್. ಅರ್ಧ ತಾಸಿಗೊಮ್ಮೆ ಆಡುವವರನ್ನು ಎಬ್ಬಿಸಿ ಮುಂದಿನವರನ್ನು ಕೂರಿಸುವುದು ನನ್ನ ಕೆಲಸ. ಕರೆಂಟ್ ಹೋದರೆ ಆಡಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ ಶುರು. ಆಗ ನಡೆಯುತ್ತಿದ್ದ ಜಗಳ ಬಿಡಿಸಿ ಬಿಡಿಸಿಯೇ ನನಗೆ ಆಟಗಳ ಪರಿಚಯವಾದದ್ದು. ಅಂಗಡಿಯ ಜೊತೆಗೆ ಬೆಳಗಾವಿಯ ಒಂದು ದಿನಪತ್ರಿಕೆಗೆ ಕುಸ್ತಿ, ಕಬ್ಬಿನ ಸಭೆ, ಕಾಲುವೆಗೆ ನೀರು ಬಿಟ್ಟ ಸುದ್ದಿ ಇಂಥವನ್ನು ಕಳಿಸುತ್ತಿದ್ದೆ. ಮೊಬೈಲ್ ಬಂದವು, ಅಂಗಡಿ ಮುಚ್ಚಿತು.

ಪತ್ರಿಕೆಯ ಶುಕ್ರವಾರದ ಪುರವಣಿಯನ್ನು ಜೋಶಿ ಸರ್ ನೋಡಿಕೊಳ್ಳುತ್ತಿದ್ದರು. ಒಂದು ದಿನ ಅವರೇ ಫೋನ್ ಮಾಡಿದರು. ‘ಅಂಗಡಿ ಹೋತು ಅಂತ ಕೇಳಿದೆ. ಆಟ ಅಂತೂ ತಲಿಯೊಳಗ ಉಳದಿರಬೇಕಲ್ರಿ?’ ಎಂದರು. ಉಳಿದಿವೆ ಎಂದೆ. ಮೊಬೈಲ್ ಆಟಗಳ ಬಗ್ಗೆ ವಾರಕ್ಕೆ ಅರ್ಧ ಪುಟ ನನ್ನ ಪಾಲಿಗೆ ಬಂದದ್ದು ಹೀಗೆ. ಆಗಲೇ ನನಗೆ ಐವತ್ತು ದಾಟಿತ್ತು.

ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಆಡಬೇಕು, ಬೇಸರ ಬಂದರೂ ಆಡಬೇಕು. ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಹೊಸ ಫೋನಿನಲ್ಲಿ ಆಡಿ ಬರೆದರೆ ನಮ್ಮ ಓದುಗರಿಗೆ ಉಪಯೋಗವಿಲ್ಲ. ಹಳೆಯ, ಅಗ್ಗದ ಫೋನಿನಲ್ಲಿ ಆಟ ನಡೆಯುತ್ತದೋ ಇಲ್ಲವೋ ನೋಡಬೇಕು, ನೆಟ್ ಹೋದರೆ ಏನಾಗುತ್ತದೆ ಎಂದು ತಿಳಿಯಲು ಹೊಲದ ಕಡೆ ನಡೆದುಕೊಂಡು ಹೋಗಿ ಬದುವಿನ ಮೇಲೆ ಕುಳಿತು ಆಡಬೇಕು. ಮನೆಯಲ್ಲಿ ಕುಳಿತು ಆಡುವಾಗ ನನ್ನ ಹೆಂಡತಿ ಕಸ ಹೊಡೆಯುತ್ತ, ‘ಕೆಲಸ ಮಾಡಾಕತ್ತೇನಿ ಅಂತೀರಿ, ನೋಡಿದ್ರ ಕೋಳಿ ಓಡಸಾಕತ್ತೀರಿ’ ಎನ್ನುತ್ತಿದ್ದಳು. ಸುಳ್ಳಲ್ಲ, ಆ ವಾರದ್ದು ಕೋಳಿ ಓಡಿಸುವ ಆಟವೇ ಆಗಿತ್ತು.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಒಂದು ಬಸ್ ಓಡಿಸುವ ಆಟ. ಕಂಪನಿಯವರು ಕಳಿಸಿದ ಟಿಪ್ಪಣಿಯಲ್ಲಿ ನೆಟ್ ಬೇಕಾಗಿಲ್ಲ ಎಂದಿತ್ತು. ನಾನು ಎರಡು ಹಂತ ಆಡಿ, ಟಿಪ್ಪಣಿಯನ್ನೇ ಕನ್ನಡಕ್ಕೆ ಇಳಿಸಿ ಕಳಿಸಿಬಿಟ್ಟೆ. ಪುರವಣಿ ಬಂದ ಮರುದಿನ ಬೆಲ್ಲದ ಬಾಗೇವಾಡಿಯ ಒಬ್ಬ ಕಿರಾಣಿ ಅಂಗಡಿಯವರು ಪತ್ರಿಕೆಯಿಂದ ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಮೂರನೇ ಹಂತಕ್ಕೆ ಹೋದರೆ ನೆಟ್ ಕೇಳುತ್ತದೆ ಎಂದು ತಿಳಿಸಿ, ಕೊನೆಗೆ, ‘ಸಾಹೇಬರ, ನೀವು ಎರಡನೇ ಸ್ಟಾಪಿಗೇ ಬಸ್ಸ ಇಳದ್ರೇನ್ರಿ?’ ಎಂದರು. ಅಂದಿನಿಂದ ಐದು ಹಂತ ಆಡದೆ ಬರೆಯಲಿಲ್ಲ. ಟಿಪ್ಪಣಿಯನ್ನು ನಂಬಬಾರದು ಎಂಬುದನ್ನು ಆಟದ ಮಟ್ಟಿಗೆ ಕಲಿತೆ. ಕಾಗದದ ಮಟ್ಟಿಗೆ ಕಲಿಯಲಿಲ್ಲ.

ನಾನು ಸೇರಿದಾಗ ಕಂಪನಿಗಳು ನಮ್ಮಂಥವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾಲ್ಕಾರು ವರ್ಷದಲ್ಲಿ ಊರೂರಲ್ಲಿ ಫೋನ್ ಆಗಿ, ಕನ್ನಡದಲ್ಲಿ ಬರೆಯುವವರೂ ಬೇಕಾದರು. ಆಟವನ್ನು ಬಿಡುಗಡೆಗೆ ಒಂದು ವಾರ ಮುಂಚೆ ಕಳಿಸುವ ಪದ್ಧತಿ ಬಂತು. ಇಂಥ ದಿನ ಇಷ್ಟು ಗಂಟೆಗಿಂತ ಮೊದಲು ಬರೆಯಬಾರದು ಎಂಬ ಕರಾರು. ಅದರೊಂದಿಗೆ ಇನ್ನೊಂದು ಪುಟ ಬರುತ್ತಿತ್ತು: ಕೇಳಬಹುದಾದ ಪ್ರಶ್ನೆಗಳು. ಪ್ರಶ್ನೆಯ ಕೆಳಗೇ ಉತ್ತರ. ನಿಮಗೆ ಈ ಆಟ ಮಾಡುವ ಕನಸು ಹೇಗೆ ಬಂತು, ಕನ್ನಡ ಆಟಗಾರರ ಬಗ್ಗೆ ಏನನ್ನಿಸುತ್ತದೆ, ಇಂಥವು. ಸಂದರ್ಶನ ಎಂದು ಹೆಸರು ಹಾಕಿ ಅದನ್ನೇ ಅಚ್ಚು ಮಾಡಿದ್ದೇವೆ. ನಾನೂ ಮಾಡಿದ್ದೇನೆ, ಬಹಳ ಸಲ.

ಒಮ್ಮೆ ಮಾತ್ರ ನನ್ನದೇ ಒಂದು ಪ್ರಶ್ನೆ ಕೇಳಿದೆ. ಸಣ್ಣ ಮಕ್ಕಳಿಗೆಂದು ಮಾಡಿದ, ಕರು ಸಾಕುವ ಆಟ. ಆಟ ಮುಚ್ಚಿಟ್ಟ ಮೇಲೂ ತಾಸಿಗೊಮ್ಮೆ ಫೋನು ಗುಂಯ್‌ಗುಟ್ಟಿ, ‘ನಿನ್ನ ಕರು ಹಸಿದಿದೆ, ಅಳುತ್ತಿದೆ’ ಎನ್ನುತ್ತಿತ್ತು. ನಮ್ಮ ಓಣಿಯ ಒಂದು ಹುಡುಗಿ ಅದಕ್ಕೆ ಹೆದರಿ ಊಟ ಬಿಟ್ಟಿದ್ದಳು. ಮಗು ಆಟ ನಿಲ್ಲಿಸಿದ ಮೇಲೂ ಕರುವನ್ನು ಯಾಕೆ ಅಳಿಸುತ್ತೀರಿ ಎಂದು ಕಂಪನಿಗೆ ಬರೆದೆ. ನಿಮ್ಮ ಕಾಳಜಿಗೆ ಧನ್ಯವಾದ ಎಂದು ಮೂರು ಸಾಲು ಬಂದವು. ಪ್ರಶ್ನೆಯನ್ನೂ ಆ ಮೂರು ಸಾಲನ್ನೂ ಹಾಗೇ ಅಚ್ಚು ಮಾಡಿಸಿದೆ. ಮುಂದೆ ನಾಲ್ಕು ತಿಂಗಳು ಆ ಕಂಪನಿಯಿಂದ ನನಗೆ ಯಾವ ಆಟವೂ ಬರಲಿಲ್ಲ. ಅವರ ಗೆಳೆಯರ ಕಂಪನಿಗಳೂ ನಿಲ್ಲಿಸಿದವು. ಬೇರೆ ಪತ್ರಿಕೆಯವರು ನಮಗಿಂತ ವಾರ ಮುಂಚೆ ಬರೆಯತೊಡಗಿದರು. ಜೋಶಿ ಸರ್ ಬೈಯಲಿಲ್ಲ. ‘ಪ್ರಶ್ನಿ ಚಲೋ ಇತ್ರಿ. ಆದ್ರ ಬರೂ ಶುಕ್ರವಾರ ಪುಟದಾಗ ಏನ್ ಹಾಕೂಣು?’ ಎಂದರು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಪುಟ ತುಂಬಿಸುವುದು ಅವರ ಕೆಲಸ. ಆದರೆ ನಾನು ಅದರಿಂದ ಕಲಿತ ಪಾಠ ತಪ್ಪು. ಪ್ರಶ್ನೆ ಕೇಳಿದರೆ ಆಟ ನಿಲ್ಲುತ್ತದೆ ಎಂಬುದನ್ನಷ್ಟೇ ತಲೆಯಲ್ಲಿ ಇಟ್ಟುಕೊಂಡೆ. ಮುಂದಿನ ವರ್ಷಗಳಲ್ಲಿ ಯಾರೂ ನನಗೆ ಇದನ್ನು ಕೇಳಬೇಡ ಎಂದು ಹೇಳಿದ್ದಿಲ್ಲ. ನಾನೇ ಕೇಳುತ್ತಿರಲಿಲ್ಲ.

ಇನ್ನು ನೀಲವ್ವನ ವಿಷಯ. ಅವಳು ನಾಗನೂರಿನವಳು, ನಮ್ಮ ಕಡೆಯ ಜನಪದ ನಾಟಕವಾದ ಸಣ್ಣಾಟದ ಕಲಾವಿದೆ. ಮೈಕ್ ಇಲ್ಲದೆ ಕೊನೆಯ ಸಾಲಿನವರೆಗೂ ಮುಟ್ಟುವ ದನಿ. ತಾಯಿಯ ಪಾರ್ಟು ಅವಳದೇ. ಮಗನನ್ನು ಕಳೆದುಕೊಂಡ ತಾಯಿಯಾಗಿ ಅವಳು ಮಾತು ಶುರು ಮಾಡಿದರೆ ಹಿಂದೆ ನಿಂತು ಹರಟೆ ಹೊಡೆಯುವ ಗಂಡಸರೂ ಸುಮ್ಮನಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಣ್ಣಾಟವಿಲ್ಲದ ದಿನ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದಳು.

ಪುಣೆಯ ಒಂದು ಕಂಪನಿ ನಮ್ಮ ಕಡೆಯ ಕಬ್ಬಿನ ಹೊಲದ ಮೇಲೆ ಒಂದು ಆಟ ಮಾಡುತ್ತಿತ್ತು. ಆಡುವವನಿಗೆ ಬುದ್ಧಿ ಹೇಳಲು ಒಬ್ಬ ಅಜ್ಜಿ ಬೇಕು, ಅವಳ ಮಾತು ಪಕ್ಕಾ ಇಲ್ಲಿಯದಾಗಿರಬೇಕು. ಕಂಪನಿಯ ಪರವಾಗಿ ಪತ್ರಕರ್ತರೊಂದಿಗೆ ವ್ಯವಹರಿಸುತ್ತಿದ್ದವನು ರೋಹಿತ್ ಎಂಬ ಹುಡುಗ, ಮಾತು ಮೃದು, ಕನ್ನಡ ಚೆನ್ನಾಗಿ ಬರುತ್ತಿತ್ತು. ಯಾರಾದರೂ ಇದ್ದಾರಾ ಅಂಕಲ್ ಎಂದು ನನ್ನನ್ನೇ ಕೇಳಿದ. ನಾನು ನೀಲವ್ವನ ಹೆಸರು ಹೇಳಿದೆ. ಹಾಗೆ ಹೇಳುವಾಗ ಅವಳಿಗೆ ಒಳ್ಳೆಯದಾಗಲಿ ಎಂಬುದು ಇತ್ತು. ಈ ಸುದ್ದಿ ಮೊದಲು ನನಗೇ ಸಿಗಲಿ ಎಂಬುದೂ ಇತ್ತು. ರೋಹಿತ್ ಅದಕ್ಕೆ ಒಪ್ಪಿದ.

ಮೂಡಲಗಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಹಿಡಿದು ಮೂರು ದಿನ ಧ್ವನಿಮುದ್ರಣ ಮಾಡಿದರು. ಗೋಡೆಗೆ ಗಾದಿ ಆನಿಸಿ, ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ಬಂದ್ ಮಾಡಿದ್ದರು. ಕೆಳಗೆ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋದಾಗಲೆಲ್ಲ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಗುತ್ತಿತ್ತು. ಮೊದಲ ಎರಡು ದಿನ ಆಟದ ಮಾತುಗಳೇ. ನೀರು ಹಾಯಿಸು ತಮ್ಮಾ, ಕಳೆ ತೆಗೆ, ಎತ್ತಿಗೆ ನೆರಳು ನೋಡು. ನೀಲವ್ವ ಬರೆದುಕೊಟ್ಟದ್ದನ್ನು ಬಿಟ್ಟು ತನ್ನದೇ ನಾಲ್ಕು ಬೈಗುಳ ಸೇರಿಸಿದಳು, ಅವರು ಖುಷಿಯಿಂದ ಅದನ್ನೂ ಹಿಡಿದುಕೊಂಡರು.

ಮೂರನೇ ದಿನ ಬೇರೆ ಹಾಳೆಗಳು ಬಂದವು. ಅವುಗಳಲ್ಲಿ ರೈಲಿನ ವೇಳೆ, ಊರುಗಳ ಹೆಸರು, ಒಂದರಿಂದ ನೂರರವರೆಗೆ ಎಣಿಕೆ, ಅರ್ಥವಿಲ್ಲದ ಮಾತು. ನಗಬೇಕು, ಸಿಟ್ಟಾಗಬೇಕು, ಬಿಕ್ಕಿ ಅಳಬೇಕು. ನೀಲವ್ವ ಹಾಳೆ ಕೆಳಗಿಟ್ಟು ನನ್ನ ಕಡೆ ನೋಡಿದಳು.

‘ಅಣ್ಣಾರ, ಹೊಲದ ಆಟದಾಗ ರೈಲ ಯಾಕ ಬಂತ್ರಿ? ಈ ಅಳೂದು ಎದಕ್ರಿ?’

ಕೇಳಬೇಕಾದ ಪ್ರಶ್ನೆಯನ್ನು ಅವಳೇ ಕೇಳಿದ್ದಳು. ಅಲ್ಲಿ ಪತ್ರಕರ್ತ ಎಂದು ಕುಳಿತವನು ನಾನು. ರೋಹಿತ್ ನನ್ನ ಮುಖ ನೋಡಿದ. ಉತ್ತರ ಕೊಟ್ಟವನು ನಾನು. ‘ಯಂತ್ರಕ್ಕ ನಿನ್ನ ದನಿ ರೂಢಿ ಆಗಬೇಕಲ್ಲ ತಂಗಿ, ಅದಕ್ಕ’ ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ. ಅದು ನಿಜ ಎಂದು ಆಮೇಲೆ ತಿಳಿಯಿತು. ಯಂತ್ರಕ್ಕೆ ದನಿ ರೂಢಿಯಾದರೆ ಅವಳು ಆಡದ ಮಾತನ್ನೂ ಅವಳ ದನಿಯಲ್ಲಿ ಆಡಿಸಬಹುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅದೇ ದಿನ ಮಧ್ಯಾಹ್ನ ಕರಾರು ಪತ್ರ ಬಂತು. ಹನ್ನೊಂದು ಪುಟ, ಎಲ್ಲ ಇಂಗ್ಲಿಷ್. ನೀಲವ್ವನಿಗೆ ಕನ್ನಡ ಅಕ್ಷರ ಬರುತ್ತದೆ, ಅಷ್ಟೇ. ರೋಹಿತ್ ಅದನ್ನು ನನ್ನ ಕೈಗೆ ಕೊಟ್ಟು, ‘ಅಂಕಲ್, ನೀವೇ ಕನ್ನಡದಲ್ಲಿ ಹೇಳಿಬಿಡಿ. ನೀವು ಹೇಳಿದ್ರೆ ಅವರಿಗೆ ನಂಬಿಕೆ’ ಎಂದ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಪೇಪರಿನವರು ಎಂದರೆ ಸುದ್ದಿ ಬರೆಯುವವರಷ್ಟೇ ಅಲ್ಲ. ಬ್ಯಾಂಕಿನ ಪತ್ರ ಬಂದರೆ, ಕೋರ್ಟಿನ ನೋಟಿಸ್ ಬಂದರೆ, ಆಸ್ಪತ್ರೆಯ ಚೀಟಿ ತಿಳಿಯದಿದ್ದರೆ, ಜನ ಅದನ್ನು ಹಿಡಿದುಕೊಂಡು ಪೇಪರಿನವರ ಮನೆಗೆ ಬರುತ್ತಾರೆ. ನಾನು ಎಷ್ಟೋ ಓದಿ ಹೇಳಿದ್ದೇನೆ. ಅದರಲ್ಲಿ ಅರ್ಧ ಓದಿದ್ದು, ಅರ್ಧ ಊಹಿಸಿದ್ದು. ಊಹೆ ಸಾಮಾನ್ಯವಾಗಿ ಸರಿಯಾಗುತ್ತಿತ್ತು. ತಿಳಿಯಲಿಲ್ಲ ಎಂದು ಆ ವರ್ಷಗಳಲ್ಲಿ ನಾನು ಒಬ್ಬರಿಗೂ ಹೇಳಿದ ನೆನಪಿಲ್ಲ.

ಹನ್ನೊಂದು ಪುಟವನ್ನೂ ತಿರುವಿದೆ. ಬೆರಳಿಟ್ಟು, ನಿಧಾನವಾಗಿ, ನಡುವೆ ತಲೆಯಾಡಿಸುತ್ತ. ಒಂದೊಂದು ವಾಕ್ಯ ಅರ್ಧ ಪುಟ ಇತ್ತು. ಧ್ವನಿ ಎಂಬ ಶಬ್ದ ಗೊತ್ತಾಯಿತು, ಕಂಪನಿ ಎಂಬುದು ಗೊತ್ತಾಯಿತು, ಆಟ ಎಂಬುದು ಅಲ್ಲೊಂದು ಇಲ್ಲೊಂದು. ಉಳಿದದ್ದು ನನಗೆ ತಿಳಿಯಲಿಲ್ಲ. ನೀಲವ್ವ ನನ್ನ ಬೆರಳನ್ನೇ ನೋಡುತ್ತಿದ್ದಳು.

‘ರೂಢಿ ಕಾಗದ ತಂಗಿ. ಎಲ್ಲಾ ಕಂಪನಿಯವರೂ ಹಿಂಗ ಬರಸ್ಕೊಂತಾರ’ ಎಂದೆ.

‘ನೀವು ಓದಿದ್ರಿಲ್ಲ? ಅಷ್ಟ ಸಾಕ್ರಿ’ ಎಂದು ಅವಳು ಕನ್ನಡದಲ್ಲಿ ಸಹಿ ಮಾಡಿದಳು. ಕೊನೆಯ ಪುಟದಲ್ಲಿ ನನ್ನದೂ ಒಂದು ಸಹಿ ತೆಗೆದುಕೊಂಡರು. ಸಾಕ್ಷಿಗೆ ಇರಬೇಕೆಂದು ಹಾಕಿದೆ.

ಮನೆಗೆ ಬಂದು ಕಂಪನಿಗೆ ಕಳಿಸಲು ಆರು ಪ್ರಶ್ನೆ ಬರೆದೆ. ನಾಲ್ಕನೆಯದು, ಆಟ ಮುಗಿದ ಮೇಲೆ ಈ ದನಿ ಏನಾಗುತ್ತದೆ ಎಂಬುದು. ನೀಲವ್ವ ಕೇಳಿದ್ದು ನನ್ನೊಳಗೆ ಕುಳಿತಿತ್ತೇನೋ. ಆದರೆ ಬಿಡುಗಡೆಯ ಸುದ್ದಿ ಮೊದಲು ನಮಗೆ ಎಂದು ಮಾತಾಗಿತ್ತು. ಕರುವಿನ ಆಟದ ನಾಲ್ಕು ತಿಂಗಳು ನೆನಪಾದವು. ನಾಲ್ಕನೆಯ ಪ್ರಶ್ನೆ ಹೊಡೆದುಹಾಕಿ ಐದನ್ನು ಕಳಿಸಿದೆ. ಐದಕ್ಕೂ ಚೆಂದದ ಉತ್ತರ ಬಂತು. ನಾಗನೂರಿನ ದನಿ ಊರೂರಿಗೆ ಎಂದು ತಲೆಬರಹ ಕೊಟ್ಟು ಪೂರ್ತಿ ಪುಟ ಬರೆದೆ. ಜೋಶಿ ಸರ್ ಮೆಚ್ಚಿ ಮಾತಾಡಿದರು. ನೀಲವ್ವ ಆ ಪುಟವನ್ನು ಮನೆಯಲ್ಲಿ ಗೋಡೆಗೆ ಅಂಟಿಸಿದ್ದಳು.

ಆಟ ಓಡಲಿಲ್ಲ. ವರ್ಷ ತುಂಬುವುದರೊಳಗೆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ನಾನು ಅದನ್ನು ಮೂರು ಸಾಲಿನ ಸುದ್ದಿ ಮಾಡಿದೆ.

ಮತ್ತೆ ಕೆಲವು ತಿಂಗಳ ನಂತರ ಫೋನುಗಳಲ್ಲಿ, ಹಳೆಯದನ್ನು ಕೊಂಡ ಆ ಕಂಪನಿಯ ಒಂದು ಇಸ್ಪೀಟ್ ಆಟದ ಜಾಹೀರಾತು ಬರತೊಡಗಿತು. ಯಾವ ವಿಡಿಯೋ ನೋಡಿದರೂ ನಡುವೆ ಅದೇ. ‘ಬಾರೋ ತಮ್ಮಾ, ಎಲಿ ಹಾಕು. ಅವ್ವ ಕರೀತಾಳ’ ಎಂದು ಒಬ್ಬ ಮುದುಕಿ ನಗುತ್ತ ಕರೆಯುತ್ತಾಳೆ. ಚಿತ್ರ ಯಾರದೋ, ದನಿ ನೀಲವ್ವನದು. ಉಸಿರು ಎಳೆಯುವುದೂ ಅವಳದೇ. ಮೊದಲ ಸಲ ಕೇಳಿದಾಗ ಇವಳು ಯಾವಾಗ ಈ ಕೆಲಸ ಒಪ್ಪಿಕೊಂಡಳು ಎಂದುಕೊಂಡೆ. ಊರೆಲ್ಲ ಹಾಗೇ ಅಂದುಕೊಂಡಿತು.

ಮೂಡಲಗಿ ಸಂತೆಯಲ್ಲಿ ಅವಳು ಕಾಯಿಪಲ್ಲೆಯ ದರ ಕೇಳಿದರೆ ಮಾರುವವರು, ಎಲಿ ಹಾಕು ಅವ್ವ ಎಂದು ನಗುತ್ತಿದ್ದರಂತೆ. ಅದನ್ನು ಅವಳು ತಡೆದುಕೊಂಡಳು. ಆಮೇಲೆ ಒಂದು ಊರಿನ ಸಣ್ಣಾಟದಲ್ಲಿ, ಮಗನ ಹೆಣದ ಮುಂದೆ ಕುಳಿತು ತಾಯಿಯ ಮಾತು ಶುರು ಮಾಡುತ್ತಿದ್ದಂತೆ, ಜನರ ನಡುವಿನಿಂದ ಒಬ್ಬ ಆ ಜಾಹೀರಾತಿನ ಮಾತನ್ನು ಕೂಗಿದ. ಎಲ್ಲರೂ ನಕ್ಕರು. ಹೆಣವಾಗಿ ಮಲಗಿದ್ದವನೂ ನಕ್ಕನಂತೆ. ನೀಲವ್ವ ಎದ್ದು ಹೋದಳು. ಮೇಳದವರು ಇನ್ನೂ ಒಂದೆರಡು ಪ್ರಯೋಗ ನೋಡಿ, ಆಮೇಲೆ ಕರೆಯುವುದನ್ನು ಬಿಟ್ಟರು.

ಅವಳು ಬಸ್ ಹತ್ತಿ ಗೋಕಾಕಕ್ಕೆ ನಮ್ಮ ಮನೆಗೆ ಬಂದಳು. ಯಾರದೋ ಫೋನ್ ತಂದಿದ್ದಳು. ಜಾಹೀರಾತು ಹಚ್ಚಿ ನನ್ನ ಮುಂದೆ ಇಟ್ಟು, ‘ಅಣ್ಣಾರ, ಇದು ನಾ ಹೇಳಿದ್ದಲ್ರಿ’ ಎಂದಳು. ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡಳು. ನಾನು ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದೆ. ‘ನಮ್ಮಿಬ್ಬರಿಗೂ ಮೋಸ ಆಗೇತಿ ತಂಗಿ’ ಎಂದೆ. ಅವಳು ನಂಬಿದಳು. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಆ ಮಾತು. ಕಾಗದ ನನಗೆ ತಿಳಿದಿರಲಿಲ್ಲ ಎಂದು ಆಗಲೂ ಹೇಳಲಿಲ್ಲ.

ಆ ಹೊಸ ಕಂಪನಿ ಬೆಳಗಾವಿಯ ಒಂದು ಹೋಟೆಲಿನಲ್ಲಿ ಪತ್ರಿಕಾಗೋಷ್ಠಿ ಕರೆಯಿತು. ರೋಹಿತ್ ಈಗ ಅಲ್ಲಿದ್ದ. ಈ ಸಲ ಕೇಳಿಯೇ ಬಿಡುತ್ತೇನೆ ಎಂದು ಬಸ್ಸಿನಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು ಹೋದೆ. ತರುಣ ಪತ್ರಕರ್ತರು ಹೊಸ ಆಟದ ಚಿತ್ರ, ಸಂಗೀತ ಎಂದು ಕೇಳಿ ಮುಗಿಸಿದ ಮೇಲೆ ಎದ್ದು ನಿಂತೆ. ಹೊಲದ ಆಟಕ್ಕೆಂದು ಕೊಟ್ಟ ದನಿಯನ್ನು ಇಸ್ಪೀಟಿಗೆ ಬಳಸಲು ನಿಮಗೆ ಯಾರು ಒಪ್ಪಿಗೆ ಕೊಟ್ಟರು ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿತ್ತು. ಒಂದು ಗಳಿಗೆ ನನಗೆ ಹೆಮ್ಮೆಯೂ ಆಯಿತು.

ರೋಹಿತ್ ಸಿಟ್ಟಾಗಲಿಲ್ಲ. ತನ್ನ ಫೋನಿನಲ್ಲಿ ಏನೋ ಹುಡುಕಿ ತೆಗೆದು, ‘ಅಂಕಲ್, ಎಲ್ಲಾ ಬಳಕೆಗೂ ಒಪ್ಪಿಗೆ ಅಂತ ಕರಾರಿನಲ್ಲಿ ಇದೆ. ಅದನ್ನು ಅವರಿಗೆ ಕನ್ನಡದಲ್ಲಿ ಓದಿ ತಿಳಿಸಿದ್ದೇನೆ ಅಂತ ಕೆಳಗೆ ಸಹಿ ಮಾಡಿದವರು ನೀವೇ’ ಎಂದ. ಫೋನನ್ನು ನನ್ನ ಕಡೆ ತಿರುಗಿಸಿದ. ಸಾಕ್ಷಿಯ ಸಹಿ ಎಂದು ನಾನು ತಿಳಿದದ್ದು ಅದಾಗಿರಲಿಲ್ಲ. ನಾನು ಓದಿ, ಅರ್ಥ ಮಾಡಿಕೊಂಡು, ಅವಳಿಗೆ ಅವಳ ಭಾಷೆಯಲ್ಲಿ ಪೂರ್ತಿ ವಿವರಿಸಿದ್ದೇನೆ ಎಂಬುದರ ಕೆಳಗೆ ನನ್ನ ಸಹಿ ಇತ್ತು. ತರುಣರೆಲ್ಲ ನನ್ನ ಕಡೆ ನೋಡುತ್ತಿದ್ದರು. ನಾನು ಕುಳಿತುಕೊಂಡೆ. ಆಮೇಲೆ ಎಲ್ಲರಿಗೂ ಊಟ ಇತ್ತು. ನಾನು ಊಟ ಮಾಡದೆ ಬಸ್ ನಿಲ್ದಾಣಕ್ಕೆ ಬಂದೆ.

ಒಂದು ತಿಂಗಳೊಳಗೆ ಅಂಕಣ ಬಿಟ್ಟೆ. ಕಣ್ಣು ಸರಿಯಿಲ್ಲ ಎಂದು ಜೋಶಿ ಸರ್‌ಗೆ ಹೇಳಿದೆ. ಅವರು ಒಳ್ಳೆಯ ಮಾತಾಡಿ ಶಾಲು ಹೊದಿಸಿದರು.

ನಾನು ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದಾಗ ನೀಲವ್ವ ಸುಮ್ಮನಿರಲಿಲ್ಲ. ಅವಳ ತವರು ಬೆಲ್ಲದ ಬಾಗೇವಾಡಿ. ಅವಳ ತಮ್ಮ ಅವಳನ್ನು ಹುಕ್ಕೇರಿಯ ಮುಲ್ಲಾ ವಕೀಲರ ಹತ್ತಿರ ಕರೆದುಕೊಂಡು ಹೋಗಿದ್ದ. ವಕೀಲರು ಕಂಪನಿಗೆ ನೋಟಿಸ್ ಕೊಟ್ಟು ಕರಾರಿನ ಪ್ರತಿ ತರಿಸಿಕೊಂಡರು. ಆಮೇಲೆ ಅವರಿಂದ ನನಗೆ ಫೋನ್ ಬಂತು. ಏರುದನಿಯಿಲ್ಲದ, ಬಿಡಿಸಿ ಬಿಡಿಸಿ ಮಾತಾಡುವ ಮನುಷ್ಯ.

‘ನಿಮ್ಮ ಸಹಿ ಒಂದ ಆಕಿಗೆ ಅಡ್ಡ ನಿಂತೈತ್ರಿ. ಖರೇನ ಓದಿ ತಿಳಿಸಿದ್ರಿ ಅಂದ್ರ ಮುಗೀತು. ತಿಳಿಸಿರಲಿಲ್ಲ ಅಂದ್ರ ಅದನ್ನ ನೀವ ಬರದ ಕೊಡಬೇಕು. ಆಕಿಗಿ ನಾ ಇನ್ನೂ ಹೇಳಿಲ್ಲ. ನೀವ ಹೇಳ್ತೀರೋ, ನಾ ಹೇಳ್ಲೋ?’

ನಾನು ಹೇಳುತ್ತೇನೆ ಎಂದೆ. ಹೇಳಲು ಎಂಟು ದಿನ ಹಿಡಿಯಿತು.

ನಾಗನೂರಿನಲ್ಲಿ ನೀಲವ್ವ ಮನೆಯ ಮುಂದೆ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಬರ್ರಿ ಎಂಬಂತೆ ಕೈ ಮಾಡಿದಳು, ಬಾಯಿ ಬಿಡಲಿಲ್ಲ. ಊರಿನಲ್ಲಿ ಅವಳು ಈಗ ಹಾಗೇ, ಕೈಸನ್ನೆಯಲ್ಲೇ ಹೆಚ್ಚು ಎಂದು ಆಮೇಲೆ ತಿಳಿಯಿತು. ನಾನು ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಕಾಗದ ತಿಳಿಯದಿದ್ದದ್ದು, ಸಹಿ, ಹೊಡೆದುಹಾಕಿದ ಪ್ರಶ್ನೆ, ಬೆಳಗಾವಿಯ ಸಭೆ. ಅವಳು ಕೇರುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ನಿಲ್ಲಿಸಿದಳು.

‘ಅಂದ್ರ ಅವತ್ತ ನಿಮಗೂ ತಿಳೀಲಿಲ್ಲ.’

‘ಇಲ್ಲ.’

‘ಮತ್ತ ಹಾಳಿ ಯಾಕ ತಿರುವಿದ್ರಿ?’

‘ನೀ ನೋಡಾಕತ್ತಿದ್ದಿ. ಅದಕ್ಕ.’

ಅವಳು ಜೋಳದಲ್ಲಿ ಒಂದು ಕಲ್ಲು ಆರಿಸಿ ಎಸೆದಳು. ‘ತಿಳೀಲಿಲ್ಲ ಅಂದಿದ್ರ ನಾ ನಗತಿದ್ದಿಲ್ರಿ. ನನಗೂ ತಿಳದಿರಲಿಲ್ಲ. ಇಬ್ಬರೂ ಕೂಡಿ ಯಾರನ್ನರ ಕೇಳತಿದ್ವಿ.’ ಮೊರವನ್ನು ಪಕ್ಕಕ್ಕಿಟ್ಟು, ‘ಸಹಿ ಮಾಡಿದ್ದು ಇರ್ಲಿ. ನಮ್ಮಿಬ್ಬರಿಗೂ ಮೋಸ ಆಗೇತಿ ಅಂದ್ರಲ್ಲ, ವೈನಿ ನನ್ನ ಕೈ ಹಿಡಕೊಂಡ ಕುಂತಾಗ. ಅದು ಬಾಳ ಉರೀತೈತಿ ಅಣ್ಣಾರ’ ಎಂದಳು.

ಅವಳು ಚಹಾ ಮಾಡುತ್ತೇನೆ ಎನ್ನಲಿಲ್ಲ. ನಮ್ಮ ಕಡೆ ಬಂದವರಿಗೆ ಚಹಾ ಕೇಳದಿರುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಏಳುವಾಗ, ‘ಸೋಮವಾರ ಹುಕ್ಕೇರಿಗಿ ಹೋಗಾಕತ್ತೇನಿ. ಬರೂದಿದ್ರ ಬರ್ರಿ’ ಎಂದಳಷ್ಟೇ.

ಹೋದೆ. ಕೋರ್ಟಿನ ಹತ್ತಿರದ ಓಣಿಯಲ್ಲಿ ಮುಲ್ಲಾ ವಕೀಲರ ಕಚೇರಿ. ನಾಗನೂರಿನಿಂದ ಬಂದ ಮೇಲೆ ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಅವರು ಮೂರು ಪುಟದ ಪ್ರಮಾಣಪತ್ರ ಮಾಡಿ ಟೈಪು ಮಾಡಿಸಿದ್ದರು. ಅದೂ ಇಂಗ್ಲಿಷಿನಲ್ಲೇ ಇತ್ತು. ಅವರ ಗುಮಾಸ್ತ ಪೆನ್ನು ಬಿಚ್ಚಿ, ಸಹಿ ಮಾಡುವ ಜಾಗಕ್ಕೆ ಬೆರಳು ತೋರಿಸಿದ. ನೀಲವ್ವ ಬಾಜೂದ ಕುರ್ಚಿಯಲ್ಲಿ ಕುಳಿತಿದ್ದಳು.

‘ನನಗ ಇದು ಪೂರಾ ತಿಳಿಯೂದಿಲ್ರಿ. ಒಂದೊಂದ ಸಾಲ ಓದಿ ಕನ್ನಡದಾಗ ಹೇಳ್ರಿ’ ಎಂದೆ. ಅರವತ್ತು ದಾಟಿದ ವ್ಯಕ್ತಿ, ಇಷ್ಟು ವರ್ಷ ಪತ್ರಿಕೆಯಲ್ಲಿದ್ದವನು, ಒಂದು ಕಾಗದದ ಮುಂದೆ ಕುಳಿತು ಇದನ್ನು ಹೇಳಿದ್ದು ಅದೇ ಮೊದಲು. ಗುಮಾಸ್ತ ಗಡಿಯಾರ ನೋಡಿದ. ವಕೀಲರು ಕನ್ನಡಕ ಹಾಕಿಕೊಂಡು ಓದತೊಡಗಿದರು.

ಮೊದಲನೆಯ ಪುಟದಲ್ಲೇ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಚೆನ್ನಾಗಿ ಬಲ್ಲ ಹಿರಿಯ ಪತ್ರಕರ್ತನಾದ ನಾನು, ಎಂದು ಇತ್ತು. ಗುಮಾಸ್ತ ಯಾವಾಗಲೂ ಹಾಕುವ ಸಾಲು ಅದು, ಮರ್ಯಾದೆಗೆ ಹಾಕಿದ್ದ. ಅದು ಉಳಿದರೆ ಅದರ ಕೆಳಗೆ ನಾನು ಬರೆದುಕೊಡುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಇಂಗ್ಲಿಷ್ ಬಲ್ಲ ಎಂಬುದನ್ನು ತೆಗೆಯಿರಿ ಎಂದೆ. ವಕೀಲರು ಗೆರೆ ಎಳೆದರು. ‘ಹಿರಿಯ ಅನ್ನೂದು ಇರ್ಲೇನ್ರಿ?’ ಎಂದು ನನ್ನನ್ನು ಕೇಳಿದರು.

ನಾನು ಉತ್ತರಿಸುವ ಮೊದಲೇ ನೀಲವ್ವ, ‘ಇರ್ಲಿ ಬಿಡ್ರಿ, ವಯಸ್ಸಂತೂ ಆಗೇತಿ’ ಎಂದಳು. ಗುಮಾಸ್ತ ನಕ್ಕ. ಅವಳು ನಗಲಿಲ್ಲ.

ಮೂರು ಪುಟ ಮುಗಿಯಲು ಒಂದು ತಾಸು ಹಿಡಿಯಿತು. ಎರಡು ಕಡೆ ನನಗೆ ತಿಳಿಯಲಿಲ್ಲ, ಮತ್ತೆ ಕೇಳಿದೆ. ಒಂದು ಕಡೆ ನೀಲವ್ವ ತಡೆದು, ಅವತ್ತು ನಾನು ಎಷ್ಟು ಹೊತ್ತು ಹಾಳೆ ತಿರುವಿದೆ ಎಂಬುದನ್ನು ಸರಿ ಮಾಡಿಸಿದಳು. ಆಮೇಲೆ ಸಹಿ ಮಾಡಿದೆ.

ಮೊಕದ್ದಮೆ ಇನ್ನೂ ನಡೆದಿದೆ. ಜಾಹೀರಾತು ಇನ್ನೂ ನಿಂತಿಲ್ಲ. ಮೊನ್ನೆ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವನ ಫೋನಿನಿಂದ ಅವಳು ತಮ್ಮಾ ಎಂದು ಕರೆದಳು. ಕಂಪನಿಗಳಿಗೆ ಗಟ್ಟಿ ಪ್ರಶ್ನೆ ಕೇಳಬೇಕೇ ಎಂದು ಬಂದಿದ್ದ ಆ ಇಬ್ಬರಿಗೆ ಈಗ ಹೇಳುವುದಾದರೆ, ಬೆಳಗಾವಿಯಲ್ಲಿ ಎದ್ದು ನಿಂತು ಕೇಳಿದ್ದು ಗಟ್ಟಿ ಪ್ರಶ್ನೆಯೇ ಆಗಿತ್ತು, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಮೂಡಲಗಿಯ ಆ ಕೋಣೆಯಲ್ಲಿ, ಸಹಿಗೆ ಮೊದಲು, ಇದು ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳು ಎಂದಿದ್ದರೆ ಸಾಕಿತ್ತು.

ಮುಂದಿನ ತಾರೀಖಿಗೆ ನನ್ನನ್ನು ಪಾಟೀಸವಾಲಿಗೆ ಕರೆಯುತ್ತಾರಂತೆ. ಕಂಪನಿಯ ವಕೀಲರು ಸುಮ್ಮನೆ ಬಿಡುವುದಿಲ್ಲ, ಹನ್ನೆರಡು ವರ್ಷ ಅಂಕಣ ಬರೆದವರಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಎಲ್ಲರ ಮುಂದೆ ಕೇಳುತ್ತಾರೆ ಎಂದು ಮುಲ್ಲಾ ವಕೀಲರು ಎಚ್ಚರಿಸಿದ್ದಾರೆ. ತಿಳಿಯಲಿಲ್ಲ ಎಂದೇ ಹೇಳುತ್ತೇನೆ ಎಂದಿದ್ದೇನೆ.